ದಾರದ ಮೇಲಿನ ಗಡಿಯಾರ

ಕ್ಯಾತನಹಳ್ಳಿಯ ಚಿಕ್ಕಸ್ವಾಮಿ ಒಂದು ಕಡೆ ಕೂತಿದ್ದನ್ನು ಕಂಡವರು ಕಡಿಮೆ. ಡೈರಿಯ ಸಾಲಿನಲ್ಲಿ ಹಾಲಿನ ಕ್ಯಾನು ಹಿಡಿದು ನಿಂತಾಗಲೂ ಹಿಮ್ಮಡಿ ಎತ್ತಿ ಇಳಿಸುತ್ತಿದ್ದ. ಮದುವೆ ಮನೆಯಲ್ಲಿ ಪಾಯಸ ಬರುವ ಮುಂಚೆಯೇ ಎಲೆ ಮಡಿಸಿ ಎದ್ದುಬಿಡುತ್ತಿದ್ದ. “ಇಲಾಖೆ ಆವಯ್ಯನ್ನ ರಿಟೈರ್ ಮಾಡ್ತು, ಕಾಲ್ಗೆ ಹೇಳೋದ ಮರ್ತ್ಬುಡ್ತು” ಎಂದು ಬಸ್‌ಸ್ಟಾಪಿನ ಎದುರು ಟೀ ಕಾಸುವ ತಮ್ಮಯ್ಯ ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದ.

ಆದರೆ ಈ ವರ್ಷದ ಚಡಪಡಿಕೆ ಬೇರೆ ಥರದ್ದು. ಈಗ ಚಿಕ್ಕಸ್ವಾಮಿ ಮಾತಿನ ನಡುವೆ ತಟ್ಟನೆ ಸುಮ್ಮನಾಗುತ್ತಿದ್ದ. ಎರಡು ಬೆರಳು ಕತ್ತಿನ ಪಕ್ಕಕ್ಕೆ ಹೋಗಿ ಒತ್ತಿ ನಿಲ್ಲುತ್ತಿದ್ದವು. ಒಳಗೆ ಯಾರೋ ಬಾಗಿಲು ತಟ್ಟುತ್ತಿದ್ದಾರೆ, ಆದರೆ ತೆಗೆಯಲು ಧೈರ್ಯವಿಲ್ಲ ಅನ್ನುವಂಥ ಮುಖ. ಹಸುವಿಗೆ ಹುಲ್ಲು ಹಾಕುವಾಗ, ಮುದ್ದೆ ಮುರಿಯುವಾಗ, ಮೊಮ್ಮಗಳು ಏನೋ ತೋರಿಸಲು ಓಡಿ ಬಂದಾಗ, ಎಲ್ಲ ಹೊತ್ತಿನಲ್ಲೂ ಅದೇ. ಹೆಂಡತಿ ಚಿಕ್ಕಬೋರಮ್ಮ ನೋಡಿ ನೋಡಿ ಬೇಸತ್ತು, “ಕತ್ತೇನು ಓಡೋಗ್ತದಾ? ಕೈ ಇಳ್ಸಿ ಉಣ್ಣಿ” ಎಂದು ಗದರುತ್ತಿದ್ದಳು.

ಅವನಿಗೆ ಅರವತ್ತೇಳು. ದುಡಿದ ಕಾಲವೆಲ್ಲ ನೀರಾವರಿ ಇಲಾಖೆಯ ಸೌಡಿಯಾಗಿ ದುಡಿದವನು. ನಾಲೆಯ ಉದ್ದಕ್ಕೂ ಇರುವ ತೂಬುಗಳನ್ನು ಎತ್ತುವುದು, ಇಳಿಸುವುದು, ಯಾವ ಬಯಲಿಗೆ ಎಷ್ಟು ನೀರು ಸೇರಬೇಕೋ ಅಷ್ಟನ್ನು ಸೇರಿಸುವುದು ಸೌಡಿಯ ಕೆಲಸ. ಕೆಲಸಕ್ಕೆ ಸೇರಿದ ವರ್ಷ ಇಲಾಖೆ ಕೊಟ್ಟ ಸೈಕಲ್ಲು ಏರಿಯ ಮೇಲಿಂದ ಜಾರಿ, ತುಂಬಿ ಹರಿಯುವ ನಾಲೆಗೆ ಬಿದ್ದು ಹೋಯಿತು. ಇನ್ನೊಂದು ಕೇಳಲು ನಾಚಿಕೆಯಾಗಿ ಚಿಕ್ಕಸ್ವಾಮಿ ಓಡತೊಡಗಿದ. ಒಂದು ತೂಬಿನಿಂದ ಇನ್ನೊಂದಕ್ಕೆ, ಮೇಲಿನಿಂದ ಕೊನೆಗೆ, ಕೊನೆಯಿಂದ ಮತ್ತೆ ಮೇಲಕ್ಕೆ. ತಾನು ಓಡುವವನು ಎಂದು ಅವನಿಗೆ ಗೊತ್ತಾಗಿದ್ದು ಐವತ್ತು ದಾಟಿದ ಮೇಲೆ. ಮೈಸೂರಿನಲ್ಲಿ ನಡೆದ ಹಿರಿಯರ ಓಟಕ್ಕೆ ಯಾರೋ ಹೆಸರು ಕೊಟ್ಟಿದ್ದರು. ಅಲ್ಲಿ ಅವನನ್ನು ಸೋಲಿಸಿದವನು ಕೆ.ಆರ್.ಪೇಟೆ ಕಡೆಯ ನರಸಯ್ಯ.

ಅಂದಿನಿಂದ ಇಬ್ಬರೂ ಜೋಡಿ. ಎಲ್ಲಿ ಓಟವಿದ್ದರೂ ಹೋಗುವರು, ಅಕ್ಕಪಕ್ಕ ಓಡುವರು, ಕೊನೆಯ ಫರ್ಲಾಂಗಿನಲ್ಲಿ ಮಾತ್ರ ಶತ್ರುಗಳಾಗುವರು. ನರಸಯ್ಯನದು ಒಂದು ಪದ್ಧತಿ. ಓಡುತ್ತ ಮಾತಾಡುತ್ತಲೇ ಇರಬೇಕು. “ಬಾಯಾಡ್ತಾ ಇದ್ರೆ ಎದೆ ನೆಟ್ಗದೆ ಅಂತ ಕಣ್ಲಾ. ಮಾತು ನಿಂತ್ರೆ ಜಾಸ್ತಿ ಆಯ್ತು ಅಂತ” ಎನ್ನುತ್ತಿದ್ದ. ಎಮ್ಮೆ, ಅಳಿಯ, ಹೇಮಾವತಿ ನೀರು, ಉಪ್ಸಾರು ಎಲ್ಲವೂ ಆ ಮಾತಿನಲ್ಲಿ ಬರುತ್ತಿದ್ದವು. ಚಿಕ್ಕಸ್ವಾಮಿ ಹೂಂಗುಟ್ಟುತ್ತ ಓಡುತ್ತಿದ್ದ.

ಹೋದ ವರ್ಷ ಶ್ರೀರಂಗಪಟ್ಟಣದ ಓಟ. ಹೊಳೆಯ ಸೇತುವೆ ಮೇಲೆ ಇಬ್ಬರೂ ಜೊತೆಗಿದ್ದರು. “ನಮ್ ಗೌರಿ ಮಾಡೋ ಉಪ್ಸಾರು ಅದ್ಯಲ್ಲ, ಅದು…” ಎಂದ ನರಸಯ್ಯ. ಆಮೇಲೆ ಮಾತಿಲ್ಲ. ಮುದುಕ ಕೊನೆಗೆ ಉಸಿರು ಉಳಿಸಿಕೊಳ್ಳುತ್ತಿದ್ದಾನೆ ಎಂದುಕೊಂಡ ಚಿಕ್ಕಸ್ವಾಮಿ. ಒಳಗೊಳಗೇ ನಕ್ಕ. ತಿರುಗಿ ನೋಡದೆ ಕಾಲು ಚುರುಕು ಮಾಡಿದ. ಗೆದ್ದ. ಕೊರಳಿಗೆ ಪದಕ ಬಿದ್ದ ಮೇಲೆ ಯಾರೋ ಬಂದು ಹೇಳಿದರು, ಸೇತುವೆ ಮೇಲೆ ಬಿದ್ದ ಕೆ.ಆರ್.ಪೇಟೆಯ ಯಜಮಾನರು ಆಸ್ಪತ್ರೆ ತಲುಪಲಿಲ್ಲ ಎಂದು.

ಆ ಪದಕ ಎಲ್ಲಿದೆ ಎಂದು ಚಿಕ್ಕಬೋರಮ್ಮನಿಗೂ ಗೊತ್ತಿಲ್ಲ.

ಸೊಸೆ ಸುನಿತಾ ನಾಗಮಂಗಲದ ಹುಡುಗಿ, ಪಾಂಡವಪುರದ ಹೈಸ್ಕೂಲಿನಲ್ಲಿ ಆಟ ಕಲಿಸುವ ಮೇಡಂ. ನಮ್ಮ ಮಾವ ಈ ವಯಸ್ಸಲ್ಲಿ ಓಡುತ್ತಾರೆ ಎಂದು ಶಾಲೆಯಲ್ಲೆಲ್ಲ ಹೇಳಿಕೊಂಡು ಮೆರೆದವಳು. ನರಸಯ್ಯನ ಸುದ್ದಿ ಕೇಳಿದ ಮೇಲೆ ಅವಳೂ ಹೆದರಿದಳು. ಯುಗಾದಿಗೆ ಅವನಿಗೊಂದು ಗಡಿಯಾರ ತಂದುಕೊಟ್ಟಳು. ಕೈಗೆ ಕಟ್ಟಿಕೊಂಡರೆ ಸಾಕು, ಅಡಿಯಿಂದ ಹಸಿರು ದೀಪ ಬಿಟ್ಟು ಎದೆ ನಿಮಿಷಕ್ಕೆ ಎಷ್ಟು ಸಲ ಬಡಿಯುತ್ತಿದೆ ಎಂದು ತೋರಿಸುವ ಗಡಿಯಾರ.

“ಮಾವ, ಇನ್ನೂರಿಪ್ಪತ್ತರಲ್ಲಿ ನಿಮ್ಮ ವಯಸ್ಸು ಕಳೀರಿ. ನೂರೈವತ್ತಮೂರು. ಅದರ ಮೇಲೆ ಹೋಗ್ಬಾರ್ದು. ಹೋದ್ರೆ ಇದು ನಡುಗುತ್ತೆ, ನೀವು ನಿಂತ್ಬಿಡ್ಬೇಕು.”

“ಅಂಗೇ ಆಗ್ಲವ್ವ” ಎಂದ ಚಿಕ್ಕಸ್ವಾಮಿ. ತೂಬಿಗೆ ಅಳತೆಯ ಗೆರೆ ಇದ್ದ ಹಾಗೆ ಎದೆಗೂ ಒಂದು ಗೆರೆ. ಅವನಿಗೆ ಅದು ಸರಿಯಾಗಿಯೇ ಕಂಡಿತು.

ಎಡಗೈ ಮಣಿಕಟ್ಟು ಹಿಂದೊಮ್ಮೆ ತೂಬಿನ ಹಲಗೆಗೆ ಸಿಕ್ಕಿ ಮುರಿದು, ಸೊಟ್ಟಗೆ ಕೂಡಿಕೊಂಡಿತ್ತು. ಅಲ್ಲಿ ಗಡಿಯಾರ ನಿಲ್ಲದು. ಬಲಗೈಗೆ ಕಟ್ಟಿಕೊಂಡ. ಬಲಗೈಯಲ್ಲಿ ಚುಂಚನಗಿರಿ ಭೈರವನ ದಾರವಿತ್ತು, ಏಳೆಂಟು ಸುತ್ತಿನ ಕೆಂಪು ದಾರ, ವರ್ಷಗಳ ಬೆವರು ಕುಡಿದು ಕಪ್ಪಾಗಿ, ಹುರಿಹಗ್ಗದಂತೆ ಗಟ್ಟಿಯಾದದ್ದು. ಅದರ ಮೇಲೆಯೇ ಗಡಿಯಾರ ಕೂತಿತು. ಮನೆಯಲ್ಲಿ ಯಾವಾಗಲೂ ತುಂಬುತೋಳಿನ ಬನಿಯನ್ನು ಹಾಕುವವನು, ಯಾರೂ ಗಮನಿಸಲಿಲ್ಲ.

ಮೊದಲ ದಿನವೇ ಗಡಿಯಾರ ನಡುಗಿತು.

ನಾಲೆ ಏರಿ ಮೇಲೆ ಮೈ ಬಿಸಿಯೇರುವಷ್ಟರಲ್ಲಿ ನೂರೆಪ್ಪತ್ತು. ನಿಂತ. ಇಳಿಯಿತು. ಮತ್ತೆ ಓಡಿದ. ನೂರೆಪ್ಪತ್ತೆರಡು. ಎದೆಯಲ್ಲಿ ನೋವಿಲ್ಲ, ಉಸಿರು ಸರಿಯಾಗಿದೆ, ಬೇಕಾದರೆ ಹಾಡು ಹೇಳಬಹುದು. ಆದರೆ ಗಡಿಯಾರ ಜೀರುಂಡೆ ಹಿಡಿದ ಮುಷ್ಟಿಯಂತೆ ಗುರ್ರೆನ್ನುತ್ತಿದೆ. ನರಸಯ್ಯನಿಗೂ ನೋವಿರಲಿಲ್ಲವಲ್ಲ. ಉಪ್ಸಾರಿನ ಮಾತಾಡುತ್ತಿದ್ದನಲ್ಲ.

ಅಲ್ಲಿಂದ ಹೆದರಿಕೆ ಹಿಡಿಯಿತು. ದೊಡ್ಡ ಹೆಜ್ಜೆ ಹಾಕಲು ಹೆದರಿ ಚಿಕ್ಕ ಚಿಕ್ಕ ಹೆಜ್ಜೆ ಹಾಕಿದ, ಕಾಲ ಕೆಳಗೆ ಮೊಟ್ಟೆ ಹರಡಿದ ಹಾಗೆ. ಗಡಿಯಾರ ನೂರೆಂಬತ್ತಕ್ಕೆ ಏರಿತು. ಇಷ್ಟು ಮೆಲ್ಲಗೆ ಓಡಿದರೂ ಎದೆ ಹೀಗೆ ಹೊಡೆದುಕೊಂಡರೆ ಇನ್ನು ಉಳಿದಿದ್ದೇನು? ಸುನಿತಾಳಿಗೆ ಹೇಳಲಿಲ್ಲ. ಅವಳಿಗೆ ಹೇಳುವ ಅಗತ್ಯವೂ ಇರಲಿಲ್ಲ, ಗಡಿಯಾರ ಅವಳ ಮೊಬೈಲಿಗೆ ಎಲ್ಲ ಚಾಡಿಯನ್ನೂ ಹೇಳುತ್ತಿತ್ತು.

“ಇನ್ಮೇಲೆ ಓಡೋದು ಬೇಡ ಮಾವ” ಎಂದಳು ಒಂದು ಸಂಜೆ. ಗದರಲಿಲ್ಲ. ಕಣ್ಣು ತುಂಬಿಕೊಂಡು ಹೇಳಿದಳು, ಅದೇ ಕಷ್ಟ. ಮಗ ಲೋಕೇಶ ಹಸುವಿನ ಗೊಂತಿನ ಕಡೆ ನೋಡುತ್ತ, “ವಾಕಿಂಗ್ ಮಾಡಪ್ಪ, ಎಲ್ರಂಗೆ” ಎಂದ.

ಎಲ್ಲರಂತೆ ನಡೆದ. ನಾಲ್ಕಾರು ವಾರ ನಡೆದ. ನಡೆಯುವಾಗ ಏರಿ ಪಕ್ಕದ ಹೊಂಗೆ ಮರಗಳು ಮುಗಿಯುವುದೇ ಇಲ್ಲ. ಆಲೆಮನೆಯ ಹೊಗೆ ಹಿಂದೆ ಬೀಳುವುದೇ ಇಲ್ಲ. ಕುಂತಿಬೆಟ್ಟ ಎಲ್ಲಿತ್ತೋ ಅಲ್ಲೇ. ಲೋಕವೆಲ್ಲ ಸಿಮೆಂಟು ಹಾಕಿ ನಿಲ್ಲಿಸಿದಂತೆ. ಮನೆಗೆ ಬಂದರೆ ಕಾಲು ತಾನಾಗಿ ಕುಣಿಯುವುದು. ಜಗಲಿಯ ಮೇಲೆ ಕೂತರೆ ಜಗಲಿಯ ಹಲಗೆ ಅದುರುವುದು. ಬೆರಳು ಕತ್ತಿಗೆ ಹೋಗುವುದು. ಓಡದಿದ್ದರೂ ಹೆದರಿಕೆ ಹೋಗಲಿಲ್ಲ, ಓಟ ಮಾತ್ರ ಹೋಯಿತು.

“ಏನ್ಲಾ ಸ್ವಾಮಿ, ಹೆಂಗಸ್ರ ಜೊತೆ ವಾಕಿಂಗ್ ಹೋಯ್ತಿದ್ದಿಯಂತೆ?” ಎಂದು ತಮ್ಮಯ್ಯ ಟೀ ಲೋಟ ಮುಂದಿಟ್ಟ. ತಮ್ಮಯ್ಯ ಅವನಿಗಿಂತ ಐದು ವರ್ಷ ಚಿಕ್ಕವನು, ಹೊಟ್ಟೆ ಮುಂದೆ, ತಾನು ಹಿಂದೆ.

“ಎದೆ ಜಾಸ್ತಿ ಹೊಡ್ಕತ್ತದೆ ಕಣ್ಲಾ.”

“ನಿಂದಾ? ಲೇ, ನನ್ ಮದ್ವೆ ದಿನ ನಂದು ಹೊಡ್ಕಂಡಿದ್ದ ನೀನು ನೋಡ್ಬೇಕಾಗಿತ್ತು. ಎಲ್ಲಿ ಕೊಡು ಕೈಯ.” ತಮ್ಮಯ್ಯ ಎಡಗೈ ಮಣಿಕಟ್ಟು ಹಿಡಿದು, ಕಣ್ಣು ಮುಚ್ಚಿ, ಪಂಡಿತನಂತೆ ತಲೆ ತೂಗಿದ. “ಸಿಕ್ತಾ ಇಲ್ಲ. ಸತ್ತೋಗಿದ್ದೀಯ. ಟೀ ಕುಡ್ಕಂಡ್ ಹೋಗು.”

ಬೇರೆ ದಿನವಾಗಿದ್ದರೆ ಚಿಕ್ಕಸ್ವಾಮಿ ಒಂದು ಬೈಗುಳ ಬಿಟ್ಟು ನಗುತ್ತಿದ್ದ. ಅಂದು ಲೋಟ ಅಲ್ಲೇ ಬಿಟ್ಟು ಎದ್ದು ಹೋದ. ತಮ್ಮಯ್ಯ ಹಿಂದಿನಿಂದ, “ಲೋ, ತಮಾಸೆಗಂದೆ ಕಣೋ!” ಎಂದು ಕೂಗಿದ್ದೂ ಕೇಳಿಸಲಿಲ್ಲ.

ಆ ವಾರವೇ ಪುಟ್ಟಗೌರಮ್ಮನ ಫೋನು ಬಂತು. ನರಸಯ್ಯನ ಹೆಂಡತಿ. ವರ್ಷ ತುಂಬುತ್ತಿದೆ, ಊರ ಹುಡುಗರು ಸೇರಿ ಅವನ ಹೆಸರಲ್ಲಿ ಒಂದು ಓಟ ಇಟ್ಟಿದ್ದಾರೆ, ಕೆ.ಆರ್.ಪೇಟೆಯಿಂದ ಹೇಮಗಿರಿ ತನಕ. “ನೀನ್ ಬರ್ಬೇಕು ಕಣಣ್ಣ. ನೀನು ಓಡ್ದೆ ಇದ್ರೆ ಅದು ಆವಯ್ಯನ ಓಟ ಎಂಗಾದದು?” ಎಂದಳು.

“ಬತ್ತೀನಿ ಕಣವ್ವ” ಎಂದುಬಿಟ್ಟ. ಮಾತು ಬಾಯಿಂದ ಬಿದ್ದ ಮೇಲೆ ಲೆಕ್ಕ ಹಾಕತೊಡಗಿದ. ಹೋಗಿ ಓಡಿದರೆ ಅದೇ ರಸ್ತೆಯಲ್ಲಿ ತಾನೂ ಬೀಳಬಹುದು. ಹೋಗದಿದ್ದರೆ ಆ ಹೆಂಗಸಿನ ಮುಖ ಇನ್ನೊಮ್ಮೆ ನೋಡುವಂತಿಲ್ಲ. ಅವಳ ಗಂಡ ಮಾತು ನಿಲ್ಲಿಸಿದಾಗ ತಿರುಗಿ ನೋಡದೆ ಮುಂದೆ ಓಡಿದವನು ತಾನು. ಅವಳಿಗೆ ಅದು ಗೊತ್ತೋ ಇಲ್ಲವೋ.

ಸುನಿತಾಳಿಗೂ ಸುದ್ದಿ ಮುಟ್ಟಿತು. ಮಾರನೇ ದಿನ ಶಾಲೆಗೆ ರಜೆ ಹಾಕಿ, ಅವನನ್ನು ಮೈಸೂರಿನ ಬಸ್ಸು ಹತ್ತಿಸಿದಳು. “ಟೆಸ್ಟ್ ಮಾಡ್ಸೋಣ ಮಾವ. ಡಾಕ್ಟರು ಬೇಡ ಅಂದ್ರೆ ನೀವು ಇನ್ನೊಂದು ಮಾತಾಡ್ಬಾರ್ದು. ಓಡ್ಲಿ ಅಂದ್ರೆ ನಾನು ಇನ್ನೊಂದು ಮಾತಾಡಲ್ಲ.”

ಆಸ್ಪತ್ರೆಯಲ್ಲಿ ಅಂಗಿ ಬಿಚ್ಚಿಸಿ, ಎದೆಯ ತುಂಬ ಗುಂಡಿಗಳಂಥವನ್ನು ಅಂಟಿಸಿ ವೈರು ಸಿಕ್ಕಿಸಿದರು. ಕಾಲ ಕೆಳಗೆ ಓಡುವ ಪಟ್ಟಿ. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಪರದೆಯ ಮೇಲೆ ಕಣ್ಣಿಟ್ಟು ಪಟ್ಟಿಯ ವೇಗ ಏರಿಸುತ್ತ ಹೋದಳು. ಮೊದಲು ನಡೆದ, ಆಮೇಲೆ ಓಡಿದ. ತಿಂಗಳ ಮೇಲೆ ಕಾಲಿಗೆ ಸಿಕ್ಕ ಓಟ. ಹೆದರಿಕೆಯ ನಡುವೆಯೂ ಮೈಗೆ ಎಲ್ಲಿಂದಲೋ ಸುಖ ಬಂತು. ಆಗ ಕೈಯ ಗಡಿಯಾರ ಗುರ್ರೆಂದಿತು.

“ನೂರೆಪ್ಪತ್ನಾಕು” ಎಂದ ಚಿಕ್ಕಸ್ವಾಮಿ. “ನಿಲ್ಸವ್ವ, ನೂರೆಪ್ಪತ್ನಾಕಾಯ್ತು.”

ಡಾಕ್ಟರಮ್ಮ ಪರದೆ ನೋಡಿದಳು, ಅವನ ಕೈ ನೋಡಿದಳು. “ಇಲ್ಲಿ ನೂರ ಮೂವತ್ತೆಂಟಿದೆ ಯಜಮಾನ್ರೆ. ಆ ಕೈ ತೋರಿಸಿ.” ಓಡುತ್ತಲೇ ತೋರಿಸಿದ. ಅವಳ ತುಟಿಯ ಮೇಲೆ ನಗು ಬಂತು. “ಈಗ ಅದೇ ವೇಗದಲ್ಲಿ ಉದ್ದುದ್ದ ಹೆಜ್ಜೆ ಹಾಕಿ. ನಿಧಾನಕ್ಕೆ, ಉದ್ದಕ್ಕೆ.”

ಹಾಕಿದ. ಗಡಿಯಾರ ನೂರೈವತ್ತಾರಕ್ಕೆ ಇಳಿಯಿತು. ಪರದೆಯಲ್ಲಿ ನೂರ ಮೂವತ್ತೆಂಟು ಹಾಗೇ ಇತ್ತು.

“ಇದು ನಿಮ್ಮ ಎದೆ ಬಡಿತ ಅಲ್ಲ, ನಿಮ್ಮ ಹೆಜ್ಜೆ. ದೀಪ ಚರ್ಮಕ್ಕೆ ಅಂಟಿಕೊಂಡಿರಬೇಕು. ನೀವು ದಾರದ ಮೇಲೆ ಕೂರಿಸಿದ್ದೀರಿ. ಬಡಿತ ಸಿಗದೆ, ಕೈ ಅಲ್ಲಾಡೋ ಲೆಕ್ಕ ಹಿಡ್ಕೊಂಡಿದೆ ಪಾಪ.”

ಗೋಡೆಗೆ ಒರಗಿ ನಿಂತಿದ್ದ ಸುನಿತಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

ಆದರೆ ಡಾಕ್ಟರಮ್ಮ ಮುಗಿಸಿರಲಿಲ್ಲ. ಪಟ್ಟಿಯನ್ನು ಇನ್ನೂ ಏರಿಸಿ, ಅವನು ಇನ್ನಾಗದು ಎನ್ನುವವರೆಗೆ ಓಡಿಸಿದಳು. ಆಮೇಲೆ ಕೂರಿಸಿ, ನೀರು ಕೊಟ್ಟು ಹೇಳಿದಳು. ಹೃದಯ ಚೆನ್ನಾಗಿದೆ, ಓಟ ನಿಲ್ಲಿಸಿದ ತಕ್ಷಣ ಬಡಿತ ಚೆನ್ನಾಗಿ ಇಳಿಯಿತು, ಅದು ಒಳ್ಳೆಯ ಗುಣ. ಆದರೆ ಎಷ್ಟು ಓಡಿಸಿದರೂ ನೂರ ನಲವತ್ತೇಳರ ಮೇಲೆ ಏರಲಿಲ್ಲ. “ಇನ್ನೂರಿಪ್ಪತ್ತರ ಲೆಕ್ಕ ಎಲ್ಲರನ್ನೂ ಸೇರಿಸಿ ಮಾಡಿದ್ದು. ಒಬ್ಬೊಬ್ಬರದು ಅದಕ್ಕಿಂತ ಮೇಲಿರುತ್ತೆ, ಕೆಳಗಿರುತ್ತೆ. ನಿಮ್ಮದು ಇಷ್ಟು. ವರ್ಷ ವರ್ಷ ಇನ್ನೂ ಸ್ವಲ್ಪ ಇಳಿಯುತ್ತೆ. ಓಡಿದ್ರೂ ಇಳಿಯುತ್ತೆ, ಕೂತ್ರೂ ಇಳಿಯುತ್ತೆ.”

“ಅಂದ್ರೆ ನಾನು ಮೊದ್ಲಿನಂಗೆ ಓಡಕ್ಕಾಗಲ್ಲ.”

“ಓಡ್ಬಹುದು. ಮೊದಲಿನ ಹಾಗೆ ಅಲ್ಲ.”

ಬಸ್ಸಿನಲ್ಲಿ ಬರುವಾಗ ಸುನಿತಾ ನಕ್ಕು ನಕ್ಕು ಸುಸ್ತಾದಳು. ಚಿಕ್ಕಸ್ವಾಮಿ ಕಿಟಕಿಯ ಹೊರಗೆ ನೋಡುತ್ತಿದ್ದ. ತನ್ನ ಕಾಲು ನೂರೆಪ್ಪತ್ನಾಕು ಹಾಕುತ್ತದೆ, ಎದೆ ನೂರ ನಲವತ್ತೇಳಕ್ಕೆ ಸಾಕು ಎನ್ನುತ್ತದೆ. ತಿಂಗಳುಗಟ್ಟಲೆ ಯಾವುದನ್ನು ಸಾವು ಎಂದು ಹೆದರಿದ್ದನೋ ಅದು ಅವನದೇ ಕಾಲಿನ ಸದ್ದು. ಹಗುರಾಗಬೇಕಿತ್ತು. ಹಗುರಾಗಲಿಲ್ಲ. ಇಷ್ಟು ದಿನ ಎದೆ ಜಾಸ್ತಿ ಹೊಡೆದುಕೊಳ್ಳುತ್ತದೆ ಎಂಬ ದುಃಖ, ಈಗ ಇಷ್ಟೇ ಹೊಡೆದುಕೊಳ್ಳುವುದು ಎಂಬ ದುಃಖ.

ಮನೆಯಲ್ಲಿ ಚಿಕ್ಕಬೋರಮ್ಮ ಕೇಳಿ ಹಣೆ ಚಚ್ಚಿಕೊಂಡಳು. “ಆ ದಾರ ಇನ್ನೂ ಅದಾ? ಡೆಂಗ್ಯೂ ಬಂದು ಮಲ್ಗಿದ್ದಾಗ ಅರ್ಕೆ ಹೊತ್ಕಂಡು ಕಟ್ಟಿದ್ದು ನಾನು. ಬೆಟ್ಟಕ್ಕೋಗಿ ಅರ್ಕೆ ತೀರ್ಸಿದ್ ದಿನ್ವೇ ಬಿಚ್ಚಿ ನೀರ್ಗೆ ಬುಡಿ ಅಂತ ಏಳಿದ್ನೋ ಇಲ್ವೋ?”

ಹೇಳಿದ್ದಳು. ಆದರೆ ಆ ದಾರ ಕಟ್ಟಿಕೊಂಡು ಓಡಿದ ಮೊದಲ ಓಟದಲ್ಲೇ ಅವನು ನರಸಯ್ಯನನ್ನು ಗೆದ್ದಿದ್ದ. ಆಮೇಲೆ ಬಿಚ್ಚಲು ಮನಸ್ಸು ಬರಲಿಲ್ಲ. ಸೇತುವೆಯ ದಿನದ ಮೇಲೆ ಬಿಚ್ಚಲು ಧೈರ್ಯ ಬರಲಿಲ್ಲ. ಇದನ್ನು ಹೆಂಡತಿಗೆ ಹೇಗೆ ಹೇಳುವುದು? “ಮರ್ತೋಗಿತ್ತು ಕಣಮ್ಮಿ” ಎಂದ.

“ಓಟ ಮರೀಲಿಲ್ಲ, ಇದ್ನ ಮರ್ತ್ರಾ?” ಎಂದು ಅವಳು ಕುಡುಗೋಲು ತಂದಳು. ದಾರ ಸುಲಭಕ್ಕೆ ತುಂಡಾಗಲಿಲ್ಲ. ಕೆಳಗಿನ ಚರ್ಮ ಬಿಳಿಚಿ, ಸುಕ್ಕುಗಟ್ಟಿ, ಎಳೆಯ ಮಗುವಿನದರಂತೆ ಮೆತ್ತಗಿತ್ತು. ಚಿಕ್ಕಬೋರಮ್ಮ ಅದನ್ನು ಒಂದು ಸಲ ಹೆಬ್ಬೆರಳಿನಲ್ಲಿ ಸವರಿದಳು. ದಾರವನ್ನು ಅವಳೇ ನಾಲೆಗೆ ಬಿಟ್ಟು ಬಂದಳು.

ಓಟದ ಬೆಳಿಗ್ಗೆ ಕೆ.ಆರ್.ಪೇಟೆಯಲ್ಲಿ ಮಂಜು ಇನ್ನೂ ಎದ್ದಿರಲಿಲ್ಲ. ಲೋಕೇಶನ ಓಮ್ನಿಯಲ್ಲಿ ಮನೆಯವರೆಲ್ಲ ಬಂದಿದ್ದರು, ತಮ್ಮಯ್ಯನೂ ಟೀ ಅಂಗಡಿ ಮುಚ್ಚಿ ಬಂದಿದ್ದ. “ಬಿದ್ರೆ ಎತ್ಕಳಕ್ಕೆ ಬಂದಿವ್ನಿ, ಸುಮ್ನೆ ಅಲ್ಲ” ಎಂದ. ಚಿಕ್ಕಬೋರಮ್ಮ ತಮ್ಮಯ್ಯನ ಬೆನ್ನಿಗೆ ಗುದ್ದಿದಳು. ಗಡಿಯಾರ ಈಗ ಬರಿಯ ಚರ್ಮದ ಮೇಲೆ ಕೂತಿತ್ತು. ಪುಟ್ಟಗೌರಮ್ಮ ಹೇಮಗಿರಿಯಲ್ಲಿ, ಓಟ ಮುಗಿಯುವ ಕಡೆ ಇದ್ದಾಳೆ ಎಂದರು.

ಸೀಟಿ ಊದಿದ ಕೂಡಲೇ ಚಿಕ್ಕಸ್ವಾಮಿಯ ಕಾಲು ಹಳೆಯ ದಾರಿ ಹಿಡಿಯಿತು. ಹುಡುಗರ ಜೊತೆ ಮುಂದೆ ಹಾರಿತು. ಒಂದು ಏರು ಹತ್ತುವಷ್ಟರಲ್ಲಿ ಗಡಿಯಾರ ನೂರ ನಲವತ್ತನಾಲ್ಕು ತೋರಿಸಿತು. ಈ ಸಲ ಅದು ನಿಜ ಹೇಳುತ್ತಿತ್ತು, ಉಸಿರು ಸಾಕ್ಷಿ ಹೇಳುತ್ತಿತ್ತು. ಮುಂದೆ ಇನ್ನೂ ಎಷ್ಟೋ ದಾರಿ. ಎದೆ ತಳ ಕಾಣುತ್ತಿದೆ.

ಆಗ ಅವನಿಗೆ ಕಟ್ಟು ಪದ್ಧತಿ ನೆನಪಾಯಿತು. ಅಣೆಕಟ್ಟೆಯಲ್ಲಿ ನೀರು ಕಡಿಮೆಯಿದ್ದ ವರ್ಷ ನಾಲೆಗೆ ಒಂದೇ ಸಮ ಬಿಡುವಂತಿಲ್ಲ. ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಬೇಕು. ಮೇಲಿನ ಬಯಲಿನವರು ಬೈಯುತ್ತಾರೆ, ಇನ್ನೂ ಬಿಡು ಎನ್ನುತ್ತಾರೆ. ಬಿಟ್ಟರೆ ಕೊನೆಯ ಬಯಲು ಒಣಗುತ್ತದೆ. ಎಷ್ಟು ವರ್ಷ ಆ ಬೈಗುಳ ತಿಂದು ತೂಬು ಇಳಿಸಿದವನು ಅವನು! ಈಗ ಇಳಿಸಿದ. ಏರಿನಲ್ಲಿ ಕಾಲು ಹಿಡಿದ, ಇಳಿಜಾರಿನಲ್ಲಿ ಬಿಟ್ಟ. ಮತ್ತೆ ಹಿಡಿದ. ಒಬ್ಬೊಬ್ಬರಾಗಿ ಮುಂದೆ ಹೋದರು. ಹುಡುಗರು, ಹೆಣ್ಣುಮಕ್ಕಳು, ಕೊನೆಗೆ ಬನಿಯನ್ನು ಹಾಕಿದ ಒಬ್ಬ ದಪ್ಪ ಮೇಷ್ಟ್ರು ಕೂಡ. ಪ್ರತಿ ಬೆನ್ನೂ ಒಂದು ಚುಚ್ಚು. ಕಾಲು ಒಳಗೇ ಜಗ್ಗುತ್ತಿತ್ತು, ಕಟ್ಟಿದ ಕರುವಿನಂತೆ.

“ಬಿಟ್ಕೊಡ್ಬೇಡ್ಲಾ ಸ್ವಾಮಿ! ಮೇಷ್ಟ್ರು ಹೋಯ್ತಾವ್ರೆ!” ಎಂದು ಓಮ್ನಿಯ ಕಿಟಕಿಯಿಂದ ತಮ್ಮಯ್ಯ ಅರಚಿದ.

“ಹೋಗ್ಲಿ ಬುಡು” ಎಂದ ಚಿಕ್ಕಸ್ವಾಮಿ. ಮಾತು ಸಲೀಸಾಗಿ ಬಂತು. ಬಂದಿದ್ದೇ ತಡ, ಬಾಯಿ ನಿಲ್ಲಲಿಲ್ಲ. ಪಕ್ಕದ ಖಾಲಿ ಜಾಗಕ್ಕೆ ಹೇಳತೊಡಗಿದ. ಹಸು ಗಬ್ಬವಾದದ್ದು, ಗಡಿಯಾರದ ಕತೆ, ದಪ್ಪ ಮೇಷ್ಟ್ರ ಓಟ. ಗದ್ದೆಯಲ್ಲಿದ್ದವರು ತಲೆಯೆತ್ತಿ, ಒಬ್ಬನೇ ಮಾತಾಡಿಕೊಂಡು ಓಡುವ ಮುದುಕನನ್ನು ನೋಡಿ ನಕ್ಕರು. ಸುನಿತಾ ಮಾತ್ರ ನಗಲಿಲ್ಲ, ಮೊಬೈಲನ್ನು ಮಡಿಲಿಗಿಟ್ಟು, ಅವನ ಬಾಯಿಯನ್ನೇ ನೋಡುತ್ತಿದ್ದಳು.

ಹೇಮಗಿರಿ ತಲುಪಿದಾಗ ಮುಂದಿನವರು ಬಾಳೆಹಣ್ಣು ತಿಂದು ಮುಗಿಸಿದ್ದರು. ಹೊಳೆಯ ಪಕ್ಕ ಶಾಮಿಯಾನ, ಅದರ ಕೆಳಗೆ ಪುಟ್ಟಗೌರಮ್ಮ. ಸೊರಗಿದ್ದಳು. ಚಿಕ್ಕಸ್ವಾಮಿ ನೇರ ಅವಳ ಮುಂದೆ ಹೋಗಿ ನಿಂತ. ನಿಂತಲ್ಲಿ ನಿಲ್ಲಲಾಗದೆ ಒಂದು ಕಾಲಿನಿಂದ ಇನ್ನೊಂದಕ್ಕೆ ತೂಗಿದ.

“ಅವತ್ತು ಸೇತುವೆ ಮೇಲೆ ಆವಯ್ಯ ಮಾತು ನಿಲ್ಲಿಸ್ದ ಕಣವ್ವ. ನಂಗೆ ಕೇಳ್ತು, ನಿಂತಿದ್ದು ಕೇಳ್ತು. ತಿರುಗ್ಲಿಲ್ಲ ನಾನು. ಗೆಲ್ಲಕ್ಕೆ ಹೋದೆ.”

ಪುಟ್ಟಗೌರಮ್ಮ ತಲೆಯೆತ್ತಿ ಅವನನ್ನು ನೋಡಿದಳು. “ಮಾತಾಡ್ತಿದ್ನಾ?” ಎಂದಳು. “ನಮ್ಮನೆಯವ್ನಾ?”

“ಊಂ. ಓಡ್ತಾ ಯಾವಾಗ್ಲೂ ಮಾತೇ.”

“ಮನೇಲಿ ಮೂರು ಮಾತಾಡ್ತಿರ್ನಿಲ್ಲ ಕಣಣ್ಣ. ಉಂಡ್ಯಾ ಅಂದ್ರೆ ಊಂ, ಮಲಿಕ್ಕೊ ಅಂದ್ರೆ ಊಂ. ನಲ್ವತ್ತು ವರ್ಸ. ಎಲ್ಲಾನೂ ನಿನ್ ತಾವೇ ಆಡ್ಬುಟ್ಟವ್ನಾ?” ಅವಳ ಧ್ವನಿಯಲ್ಲಿ ಸಿಟ್ಟಿತ್ತು, ಆದರೆ ಅದು ಚಿಕ್ಕಸ್ವಾಮಿ ಹೆದರಿಕೊಂಡು ಬಂದ ಸಿಟ್ಟಲ್ಲ. “ಕೊನೇಗೆ ಏನಂದ?”

“ನಮ್ ಗೌರಿ ಮಾಡೋ ಉಪ್ಸಾರು ಅದ್ಯಲ್ಲ, ಅದು… ಅಂದ. ಅಷ್ಟೇ.”

“ಅದು?”

“ಅಷ್ಟೇ ಕಣವ್ವ.”

ಸೆರಗು ಬಾಯಿಗೆ ಹೋಯಿತು. ಸೆರಗಿನ ಹಿಂದಿನಿಂದ, “ಖಾರ ಜಾಸ್ತಿ ಅನ್ನಕ್ಕೋಗಿರ್ತಾನೆ, ಮುಂಡೇಗಂಡ” ಎಂದಳು. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ಆಮೇಲೆ ಪಕ್ಕದ ಪ್ಲಾಸ್ಟಿಕ್ ಕುರ್ಚಿಯನ್ನು ಎಳೆದು ಅವನ ಮುಂದೆ ಹಾಕಿದಳು. “ಕುಂತ್ಕೊ. ಇಷ್ಟು ವರ್ಸದಲ್ಲಿ ಏನೇನ್ ಏಳ್ದ, ಒಂದೂ ಬುಡ್ದೆ ಏಳು. ಆಮೇಲೆ ಉಣ್ಣಕ್ಕಿಕ್ತೀನಿ.”

ಚಿಕ್ಕಸ್ವಾಮಿ ಕೂತ. ಅವನ ಮಂಡಿ ಇನ್ನೂ ಕುಣಿಯುತ್ತಿತ್ತು. ಎಲ್ಲಿಂದ ಹಿಡಿಯುವುದು ಎಂದು ಹೊಳೆಯ ಕಡೆ ನೋಡಿದ. ಬೆರಳು ಕತ್ತಿಗೆ ಹೋಗುವುದನ್ನು ಮರೆತಿತ್ತು.

“ಮೊದಲ್ನೇ ಸಲ ಮೈಸೂರಲ್ಲಿ ಸಿಕ್ಕಿದ್ನಲ್ಲ” ಎಂದು ಶುರು ಮಾಡಿದ, “ಅವತ್ತು ನಿಮ್ಮನೆ ಎಮ್ಮೆ ಈದಿತ್ತಂತೆ…”